ನಾನು ಬರೆದ ಹೇಳಿಕೆ

ಕನ್ನಡ ಮೇಷ್ಟ್ರಾದವನಿಗೆ ಊರಿನವರು ಒಪ್ಪಿಸುವ ಕೆಲಸಗಳು ಹಲವು. ಲಗ್ನಪತ್ರಿಕೆಯ ಒಕ್ಕಣೆ ತಿದ್ದಬೇಕು. ನಿವೃತ್ತರಾಗುವ ತಹಸೀಲ್ದಾರರಿಗೆ ಬಿನ್ನವತ್ತಳೆ ಬರೆದುಕೊಡಬೇಕು. ಹೊಸ ಮನೆಗೆ ಹೆಸರು ಹುಡುಕಬೇಕು. ಇಂಗ್ಲಿಷ್ ಮೇಷ್ಟ್ರ ಮನೆಗೆ ಜನ ಟ್ಯೂಷನ್ನಿಗೆ ಬರುತ್ತಾರೆ, ನಮ್ಮ ಮನೆಗೆ ಪುಕ್ಕಟೆ ಬರವಣಿಗೆಗೆ ಬರುತ್ತಾರೆ. ಇದರಿಂದ ನನಗೆ ಬೇಸರವೇನೂ ಇಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆ. ನಾನು ಬರೆದುಕೊಟ್ಟ ಅರ್ಜಿ ಯಾವ ಕಚೇರಿಯಿಂದಲೂ ಹಿಂದಕ್ಕೆ ಬಂದಿಲ್ಲವೆಂದು ನನ್ನ ಹೆಂಡತಿಯ ಮುಂದೆ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೇನೆ. ಆ ಹೆಮ್ಮೆ ಒಂದು ಪೋಡಿನ ಜನರನ್ನು ಮುಕ್ಕಾಲು ವರ್ಷ ಹಿಂದಕ್ಕೆ ತಳ್ಳಿತು. ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಂಡರೆ ಮನಸ್ಸು ಸ್ವಲ್ಪ ಹಗುರವಾದೀತೆಂದು ಈ ಬರಹ.

ಹೋದ ವರ್ಷದ ಬೇಸಿಗೆ. ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಲೋ ಬೇಡವೋ ಎಂದು ನಾನು ಯೋಚಿಸುತ್ತ ಕುಳಿತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗ. ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತಿದ್ದವನು. ಕೈಯಲ್ಲಿ ಒಂದು ಸೀಸೆ ಜೇನುತುಪ್ಪ.

“ಸಾರ್, ನಮ್ಮ ಪೋಡಲ್ಲಿ ಭಾನುವಾರ ಗ್ರಾಮಸಭೆ ಇದೆ. ಹಿರಿಯರ ಹೇಳಿಕೆ ಬರೀಬೇಕು. ನಮ್ಮ ಬರವಣಿಗೆ ಆಫೀಸಿನಲ್ಲಿ ನಿಲ್ಲುತ್ತೋ ಇಲ್ಲವೋ ಅಂತ ಭಯ. ನೀವು ಬಂದು ಬರೆದುಕೊಟ್ಟರೆ ಚೆನ್ನಾಗಿರುತ್ತೆ” ಎಂದ.

“ಬರುತ್ತೇನಪ್ಪ, ಅದಕ್ಕೇನು” ಎಂದೆ. ಯಾವ ಹೇಳಿಕೆ, ಯಾತಕ್ಕೆ ಎಂದು ಕೇಳುವುದಕ್ಕೆ ಮೊದಲೇ ಒಪ್ಪಿಕೊಂಡದ್ದು ನನ್ನ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು.

ಸೋಲಿಗರ ವಿಷಯ ನನಗೆ ಗೊತ್ತಿದ್ದದ್ದು ಜಾನಪದದ ಪಾಠದಿಂದ. ಗೊರುಕನ ಹಾಡಿನ ಹೆಸರು ಹೇಳಿ, ರಂಗಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದ ಕಥೆಯನ್ನು ಹೇಳಿ, ಆದ್ದರಿಂದಲೇ ದೇವರು ಅವರಿಗೆ ‘ರಂಗಭಾವ’ ಎಂದು ವಿವರಿಸಿದರೆ ಮಕ್ಕಳು ನಗುತ್ತಾರೆ, ಗಂಟೆ ಬಾರಿಸುತ್ತದೆ, ಪಾಠ ಮುಗಿಯುತ್ತದೆ. ಆ ಭಾವನ ಕಾಡಿನಲ್ಲಿ ಅವನ ಮೈದುನರು ಹೇಗಿದ್ದಾರೆಂದು ನಾನು ವಿಚಾರಿಸಿದವನಲ್ಲ. ಯಳಂದೂರು ದಾಟಿ ಬೆಟ್ಟ ಹತ್ತುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕುಳಿತು, ಆ ಹುಡುಗ ಮೆಲ್ಲನೆ ಹೇಳುತ್ತ ಹೋದ; ನಾನು ಮೊದಲ ಸಲ ಅವನ ವಿದ್ಯಾರ್ಥಿಯಾದೆ.

1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಅಲ್ಲೊಂದು ಇಲ್ಲೊಂದು ಹರಡಿಕೊಂಡಿದ್ದ ಪೋಡುಗಳನ್ನು ಎಬ್ಬಿಸಿ ಜನರನ್ನು ರಸ್ತೆಯ ಹತ್ತಿರದ ಕಾಲೋನಿಗಳಿಗೆ ತಂದರು. ಕಾಡಿನಲ್ಲಿ ರಾಗಿ ಬಿತ್ತುವುದು ನಿಂತಿತು. ಬೇಸಿಗೆಯ ಮೊದಲಲ್ಲಿ ತರಗಿಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ ನಿಂತಿತು. ಆ ಬೆಂಕಿ ನಿಂತ ಮೇಲೆಯೇ ಲಂಟಾನದ ಪೊದೆ ಕಾಡನ್ನೆಲ್ಲ ಮುಚ್ಚಿತೆಂದೂ, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿತೆಂದೂ ಸೋಲಿಗರು ಹೇಳುತ್ತಾರೆ. ಬಂದಳಿಕೆಗೆ ಅವರ ಮಾತಿನಲ್ಲಿ ‘ಉಪ್ಪಿಲು’ ಎಂದು ಹೆಸರು. ಇದನ್ನು ಬಹುಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ; ಆಮೇಲೆ ಸಂಶೋಧಕರು ಅವರೊಂದಿಗೆ ಕಾಡು ಸುತ್ತಿ, ಅವರ ಮಾತನ್ನು ಪ್ರಬಂಧಗಳಲ್ಲಿ ಬರೆದರು.

2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಕಾಯಿದೆಯ ಮಾತು ಪುರವಣಿಯ ಓದುಗರಿಗೆ ರುಚಿಸಲಿಕ್ಕಿಲ್ಲ. ಆದರೆ ಇದರಲ್ಲಿ ಭಾಷೆಯ ಮೇಷ್ಟ್ರ ಮನಸ್ಸು ಸೆಳೆಯುವ ಒಂದು ಸಂಗತಿ ಉಂಟು. ಕಾಡಿನ ಜನರಿಗೆ ಯಾವ ಹಕ್ಕು ಇದೆ ಎಂಬ ವಿಚಾರವನ್ನು ಮೊದಲು ಎತ್ತಿಕೊಳ್ಳುವ ಅಧಿಕಾರ ಅವರದೇ ಗ್ರಾಮಸಭೆಗೆ. ಸಭೆ ಅರ್ಜಿ ತೆಗೆದುಕೊಳ್ಳಬೇಕು, ತನ್ನ ಅರಣ್ಯ ಹಕ್ಕು ಸಮಿತಿಯಿಂದ ಸ್ಥಳ ಪರಿಶೀಲನೆ ಮಾಡಿಸಬೇಕು, ನಿರ್ಣಯ ಮಾಡಬೇಕು. ಆಮೇಲೆ ಅದು ಉಪವಿಭಾಗದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ. ಸಾಕ್ಷ್ಯವಾಗಿ ಏನನ್ನು ಕೊಡಬಹುದೆಂದರೆ ಸರ್ಕಾರಿ ದಾಖಲೆಯ ಜೊತೆಗೆ ಗುಡಿ, ಗೋರಿ, ಬಾವಿಗಳ ಗುರುತನ್ನೂ ಕೊಡಬಹುದು. ಹಿರಿಯರು ಬಾಯಿಯಲ್ಲಿ ಹೇಳಿದ ಮಾತನ್ನು ಬರೆದುಕೊಂಡು ಅದನ್ನೂ ಕೊಡಬಹುದು. ಇದನ್ನು ಕೇಳಿ ನಾನು ಬೆರಗಾದೆ. ಬಾಯಿಮಾತಿನ ಸಾಹಿತ್ಯಕ್ಕೆ ನಾವು ಪಠ್ಯದಲ್ಲಿ ಹತ್ತು ಅಂಕ ಕೊಡುತ್ತೇವೆ. ಕಾಯಿದೆ ಅದಕ್ಕೆ ಸಾಕ್ಷಿಯ ಸ್ಥಾನವನ್ನೇ ಕೊಟ್ಟಿದೆ.

ಇದು ಕಾಗದದ ಮೇಲಿನ ಸಂಗತಿ ಮಾತ್ರವೆಂದು ತಿಳಿಯಬಾರದು. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ಗ್ರಾಮಸಭೆಗಳ ಮುಂದಿಟ್ಟಿತು. 12 ಹಳ್ಳಿಗಳ ಸಭೆಗಳು ಕೂಡಿದವು. 12ಕ್ಕೆ 12ರಲ್ಲೂ ಡೊಂಗ್ರಿಯ ಕಂಧರೂ ಅವರ ನೆರೆಯವರೂ ಬೇಡವೆಂದರು. ಗಣಿ ಬರಲಿಲ್ಲ. ನಮ್ಮ ಬಿಳಿಗಿರಿಯಲ್ಲೂ 2011ರ ಜನವರಿಯಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕಿನ ಪತ್ರವೂ ಸಿಕ್ಕಿತು. ಹುಲಿಗೆ ಮೀಸಲಾದ ಕಾಡಿನೊಳಗೆ ಜನರ ಹಕ್ಕನ್ನೂ ಒಪ್ಪಿದ್ದು ದೇಶಕ್ಕೆ ಹೊಸ ಸಂಗತಿ. ನನ್ನ ವಿದ್ಯಾರ್ಥಿಯ ಪೋಡು ಆ 25ರಲ್ಲಿ ಸೇರಿರಲಿಲ್ಲ.

ಸಭೆ ಒಂದು ಹೊನ್ನೆಮರದ ಕೆಳಗೆ ಕೂಡಿತು. ಅಂಥ ಸಭೆಗೆ ಕೋರಂ ಆಗಬೇಕಾದರೆ ಸದಸ್ಯರಲ್ಲಿ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೆಯ ಒಂದು ಭಾಗವಾದರೂ ಹೆಂಗಸರಿರಬೇಕು. ಅವರಲ್ಲಿ ಕಾಯಿದೆಗಿಂತ ಹಳೆಯದಾದ ಒಂದು ಏರ್ಪಾಡು ಇದೆ: ನ್ಯಾಯ ಹೇಳುವುದಕ್ಕೆ ಯಜಮಾನ, ಜನರನ್ನು ಕರೆದು ಕೂಡಿಸುವುದಕ್ಕೆ ಕೋಲುಕಾರ, ಪೂಜೆಗೆ ತಮ್ಮಡಿ. ಆ ದಿನವೂ ಕೋಲುಕಾರನೇ ಮನೆಮನೆಗೆ ಹೋಗಿ ಕರೆದುಬಂದ. ನೋಟೀಸು ಅಂಟಿಸಿದ್ದು ಪಂಚಾಯಿತಿಯ ಗೋಡೆಗೆ. ಜನ ಬಂದದ್ದು ಕೋಲುಕಾರನ ಕರೆಗೆ.

ಹೇಳಿಕೆ ಕೊಡಬೇಕಾದವಳು ಒಬ್ಬ ಅಜ್ಜಿ. ಕಾಲು ಚಾಚಿ ಕುಳಿತು, ಎಲೆಯಡಿಕೆ ಮೆಲ್ಲುತ್ತ ಶುರುಮಾಡಿದಳು. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ‘ಎಲ್ಲೆ’ ಇದೆ. ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರು, ಸತ್ತವರ ಕಲ್ಲುಗುಡಿ, ನೀರಿನ ಅಬ್ಬಿ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ನಡೆದು ಸೋಲಿಗರು ಇಂಥ 400ಕ್ಕೂ ಹೆಚ್ಚು ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ಅಜ್ಜಿಗೆ ನಕ್ಷೆ ಬೇಕಿರಲಿಲ್ಲ. ಬಂಡೆಯಿಂದ ಬಂಡೆಗೆ, ಮರದಿಂದ ಮರಕ್ಕೆ, ಕೈ ತೋರಿಸುತ್ತ ಹೋದಳು. ಯಾವ ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತದೆ, ಯಾವ ಅಬ್ಬಿ ಬೇಸಿಗೆಯಲ್ಲೂ ಬತ್ತುವುದಿಲ್ಲ, ಅವಳ ಅತ್ತೆಯನ್ನು ಎಲ್ಲಿ ಮಣ್ಣು ಮಾಡಿದರು—ಎಲ್ಲವೂ ಬಂತು. ಪ್ರತಿ ಸ್ಥಳದ ಹೆಸರು ಹೇಳಿದ ಮೇಲೂ ಒಂದೇ ಪಲ್ಲವಿ: “ನಾವು ಅಲ್ಲೇ ಇರಾದು ಬುದ್ಧಿ.”

ನಾನು ಬರವಣಿಗೆ ನಿಲ್ಲಿಸಿದೆ. “ಈಗ ಇರುವುದು ಇಲ್ಲಿ, ಕಾಲೋನಿಯಲ್ಲಿ, ಅಲ್ಲವೇನಜ್ಜಿ?” ಎಂದು ಕೇಳಿದೆ.

“ಊಂ. ಮನ ಇಲ್ಲದ.”

“ಅಲ್ಲಿ ಮನೆ ಇಲ್ಲವಲ್ಲ?”

“ಇಲ್ಲ ಬುದ್ಧಿ. ನಮ್ಮ ಅಬ್ಬಿ ಅಲ್ಲೇ ಅದ, ಕಲ್ಲುಗುಡಿ ಅಲ್ಲೇ ಅದ. ನಾವು ಅಲ್ಲೇ ಇರಾದು.”

ಇಪ್ಪತ್ತು ವರ್ಷ ವ್ಯಾಕರಣ ಹೇಳಿಕೊಟ್ಟವನಿಗೆ ಇದು ಸಹಿಸದ ಮಾತು. ಇಲ್ಲಿ ಇದ್ದವರು ಅಲ್ಲಿ ಇರುವುದು ಹೇಗೆ? ಕಾಲೋನಿಗೆ ಬಂದಾಯಿತಲ್ಲ, ಅಲ್ಲಿ ಇದ್ದದ್ದು ಹಿಂದೆ. ಮುದುಕಿಗೆ ಭೂತಕಾಲ, ವರ್ತಮಾನಕಾಲಗಳ ಭೇದ ತಿಳಿಯದೆಂದು ನಿರ್ಧರಿಸಿ, ಅವಳ ಪರವಾಗಿ ನಾನೇ ತಿದ್ದಿದೆ. ಕಚೇರಿಗೆ ಒಪ್ಪುವ ಗಾಂಭೀರ್ಯ ಬರಲೆಂದು ಹೀಗೆ ಬರೆದೆ: “ಸದರಿ ಸಮುದಾಯದವರು ಪೂರ್ವಕಾಲದಲ್ಲಿ ಮೇಲ್ಕಂಡ ಪ್ರದೇಶದಲ್ಲಿ ವಾಸವಾಗಿದ್ದು, ಅಲ್ಲಿನ ಜಲಮೂಲಗಳನ್ನೂ ಪುಣ್ಯಸ್ಥಳಗಳನ್ನೂ ಪಾರಂಪರಿಕವಾಗಿ ಉಪಯೋಗಿಸುತ್ತಿದ್ದರು.” ಅಬ್ಬಿ ಜಲಮೂಲವಾಯಿತು. ಕಲ್ಲುಗುಡಿ ಪುಣ್ಯಸ್ಥಳವಾಯಿತು. ಹೀಗೆ ಎರಡೂವರೆ ಪುಟ.

ಗಟ್ಟಿಯಾಗಿ ಓದಿ ಹೇಳಿದೆ. ಸಭೆ ನಿಶ್ಶಬ್ದವಾಗಿ ಕೇಳಿತು. ಮುಗಿದ ಮೇಲೆ ಅಜ್ಜಿ ಬಾಯಿಯ ಎಲೆಯಡಿಕೆಯನ್ನು ಪಕ್ಕಕ್ಕೆ ಒತ್ತಿಕೊಂಡು, “ಚೆಂದಾಗದ. ಇದು ಯಾರ ಕತ ಬುದ್ಧಿ?” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಹೊಗಳಿಕೆಯೆಂದೇ ತಿಳಿದುಕೊಂಡು ಬೆಟ್ಟ ಇಳಿದೆ.

ಮಳೆಗಾಲ ಶುರುವಾದಾಗ ಮತ್ತೊಮ್ಮೆ ಹೋದೆ. ಆ ಹುಡುಗ, “ಸಾರ್, ಇಲಾಖೆಯವರೆಲ್ಲ ಒಟ್ಟಿಗೆ ಬರ್ತಾರೆ, ಫಾರಂ ತುಂಬೋಕೆ ಜನ ಬೇಕು” ಎಂದಿದ್ದ. ಈಚೆಗೆ ಸರ್ಕಾರಕ್ಕೆ ಒಂದು ಒಳ್ಳೆಯ ಬುದ್ಧಿ ಬಂದಿದೆ: ಬುಡಕಟ್ಟಿನವರನ್ನು ಹತ್ತು ಕಚೇರಿಗೆ ಅಲೆದಾಡಿಸುವ ಬದಲು ಹತ್ತು ಇಲಾಖೆಗಳನ್ನೇ ಅವರ ಬಳಿಗೆ ಕಳಿಸುವುದು. 2023ರ ನವೆಂಬರಿನಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆಯಲ್ಲಿ 9 ಸಚಿವಾಲಯಗಳು ಸೇರಿ 11 ಬಗೆಯ ಕೆಲಸ ಮಾಡಬೇಕೆಂದಿದೆ. ಅದು ದೇಶದ 75 ಅತಿ ದುರ್ಬಲ ಬುಡಕಟ್ಟುಗಳಿಗೆ. ನಮ್ಮ ರಾಜ್ಯದಿಂದ ಅದರಲ್ಲಿರುವವರು ಜೇನುಕುರುಬರು ಮತ್ತು ಕೊರಗರು. ಸೋಲಿಗರು ಅದರಲ್ಲಿಲ್ಲ. 2024ರ ಅಕ್ಟೋಬರಿನಲ್ಲಿ ‘ಧರ್ತಿ ಆಬಾ’ ಎಂಬ ಇನ್ನೊಂದು ದೊಡ್ಡ ಅಭಿಯಾನ ಬಂತು. ಅದರಲ್ಲಿ 17 ಸಚಿವಾಲಯಗಳು, 25 ಕೆಲಸಗಳು. ಬಿರ್ಸಾ ಮುಂಡಾನಿಗೆ ಅವನ ಜನ ಕೊಟ್ಟ ಬಿರುದು ಅದು. ಭೂಮಿಯ ತಂದೆ ಎಂದು ಅರ್ಥ.

ಶಾಲೆಯ ಅಂಗಳದಲ್ಲಿ ಮೇಜುಗಳನ್ನು ಸಾಲಾಗಿ ಹಾಕಿದ್ದರು. ಆಧಾರ್, ಪಡಿತರ ಚೀಟಿ, ಜಾತಿ ಪ್ರಮಾಣಪತ್ರ, ವೃದ್ಧಾಪ್ಯ ವೇತನ, ಬ್ಯಾಂಕಿನ ಖಾತೆ, ಕೊನೆಯಲ್ಲಿ ಕುಡುಗೋಲುಕಣದ ರಕ್ತಹೀನತೆಯ ಪರೀಕ್ಷೆ. ಈ ಕಾಯಿಲೆ ಸೋಲಿಗರಲ್ಲಿ ಇದೆಯೆಂದು ಗುರುತಿಸಿ ಚಿಕಿತ್ಸೆ ಆರಂಭಿಸಿದವರು, 1981ರಲ್ಲಿ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾಕ್ಟರ್ ಸುದರ್ಶನರು. ಸರ್ಕಾರದ ರಾಷ್ಟ್ರೀಯ ಅಭಿಯಾನ ಬಂದದ್ದು 2023ರಲ್ಲಿ. ತಡವಾದರೂ ಬಂತಲ್ಲ, ಸಂತೋಷ.

ಬಂದ ಅಧಿಕಾರಿಗಳೂ ಒಳ್ಳೆಯವರೇ. ಮಳೆಯಲ್ಲಿ ನೆನೆದು, ಮಧ್ಯಾಹ್ನದ ಊಟ ಬಿಟ್ಟು ಕೆಲಸ ಮಾಡಿದರು. ಆದರೂ ಒಂದು ಮೇಜಿನ ಕಾಗದ ಇನ್ನೊಂದು ಮೇಜಿನ ಕಾಗದವನ್ನು ಒಪ್ಪುತ್ತಿರಲಿಲ್ಲ. ನಮ್ಮ ಅಜ್ಜಿಯನ್ನೇ ತೆಗೆದುಕೊಳ್ಳಿ. ಆಧಾರಿನ ಪ್ರಕಾರ ಅವಳಿಗೆ 58 ವರ್ಷ. ಪಡಿತರ ಚೀಟಿಯ ಪ್ರಕಾರ 71. ಮತದಾರರ ಗುರುತಿನ ಚೀಟಿಯಲ್ಲಿ 66. ಹೆಸರನ್ನು ಮೂರು ಕಡೆ ಮೂರು ಬಗೆಯಲ್ಲಿ ಬರೆದಿದ್ದರು. ವೇತನದ ಮೇಜಿನವರು ಆಧಾರಿನ ಮೇಜಿಗೆ ಕಳಿಸಿದರು. ಆಧಾರಿನವರು ಹುಟ್ಟಿದ ದಿನದ ದಾಖಲೆ ಕೇಳಿದರು. ಆ ದಾಖಲೆಗೆ ಇನ್ನೊಂದು ಕಚೇರಿಗೆ ಬೆಟ್ಟ ಇಳಿಯಬೇಕು. ಅಜ್ಜಿ ಮೂರು ಮೇಜು ಸುತ್ತಿ ಬಂದು ಜಗಲಿಯ ಮೇಲೆ ಕುಳಿತಳು. ಇಲಾಖೆಗಳು ಒಂದೇ ಅಂಗಳಕ್ಕೆ ಬಂದಿದ್ದವು. ಅಜ್ಜಿಯ ಅಲೆದಾಟ ಅಂಗಳದೊಳಕ್ಕೆ ಬಂದಿತ್ತು.

ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ, ಆ ಸಾಲಿನಲ್ಲಿ ಗ್ರಾಮಸಭೆಗೆ ಒಂದು ಮೇಜು ಇರಲಿಲ್ಲ. ಯಾರ ಮಗ ಶಾಲೆ ಬಿಟ್ಟ, ಯಾವ ಮನೆಗೆ ಪಡಿತರ ಬರುವುದಿಲ್ಲ, ಅಜ್ಜಿಯ ಮೊದಲ ಮಗ ಯಾವ ಬರಗಾಲದಲ್ಲಿ ಹುಟ್ಟಿದ—ಇದೆಲ್ಲ ಗೊತ್ತಿದ್ದ ಯಜಮಾನ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಯಾರೂ ಅವನನ್ನು ಕೇಳಲಿಲ್ಲ. ಕೇಳಿದ್ದರೆ ಒಂದು ಗಂಟೆಯಲ್ಲಿ ಹೇಳಿಬಿಡುತ್ತಿದ್ದ. ಇದನ್ನು ಗಮನಿಸಿ ನಾನು ಮನಸ್ಸಿನಲ್ಲೇ ಸರ್ಕಾರವನ್ನು ಟೀಕಿಸಿಕೊಂಡೆ. ಟೀಕೆ ಬಹಳ ಸೊಗಸಾಗಿತ್ತು. ನನ್ನದೇ ಹೇಳಿಕೆಯ ಮೇಜಿನಲ್ಲಿ ನಾನು ಅವರನ್ನು ಏನು ಕೇಳಿದ್ದೆನೆಂಬುದು ಆಗ ನೆನಪಿಗೆ ಬರಲಿಲ್ಲ.

ನವೆಂಬರಿನಲ್ಲಿ ಕಡತ ಹಿಂದಕ್ಕೆ ಬಂತು. ಆ ಹುಡುಗ ಮೊಬೈಲಿನಲ್ಲಿ ಪತ್ರದ ಚಿತ್ರ ಕಳಿಸಿದ. ಟಿಪ್ಪಣಿ ನಾಲ್ಕು ಸಾಲಿನದು: ಹಿರಿಯರ ಹೇಳಿಕೆಯ ಪ್ರಕಾರ ಸಮುದಾಯದವರು ಪೂರ್ವದಲ್ಲಿ ಸದರಿ ಪ್ರದೇಶವನ್ನು ಉಪಯೋಗಿಸುತ್ತಿದ್ದರೆಂದು ಕಂಡುಬರುತ್ತದೆ, ಹಾಲಿ ಉಪಯೋಗಿಸುತ್ತಿರುವ ಬಗ್ಗೆ ಹೇಳಿಕೆಯಲ್ಲಿ ಸ್ಪಷ್ಟತೆ ಇಲ್ಲ, ಗ್ರಾಮಸಭೆಯು ಮರುಪರಿಶೀಲಿಸಿ ಕಳುಹಿಸುವುದು.

ಮೊದಲು ನನಗೆ ಬಂದದ್ದು ಸಿಟ್ಟು. ಆ ಟಿಪ್ಪಣಿ ಬರೆದ ಗುಮಾಸ್ತನಿಗೆ ಕನ್ನಡ ಓದಲು ಬಾರದೆಂದು ಹೆಂಡತಿಗೆ ಹೇಳಿದೆ. ಅವಳು ಚಿತ್ರವನ್ನು ದೊಡ್ಡದು ಮಾಡಿ ಓದಿ, “ಸರಿಯಾಗಿಯೇ ಓದಿದ್ದಾನಲ್ಲ. ‘ಉಪಯೋಗಿಸುತ್ತಿದ್ದರು’ ಅಂತಲೇ ನೀವು ಬರೆದಿರೋದು?” ಎಂದಳು.

ಸರಿಯಾಗಿಯೇ ಓದಿದ್ದ. ಆ ರಾತ್ರಿ ನನ್ನ ಪ್ರತಿಯನ್ನು ತೆಗೆದು ನೋಡಿದೆ. ಎರಡೂವರೆ ಪುಟದಲ್ಲಿ ಒಂದು ಕ್ರಿಯಾಪದವೂ ವರ್ತಮಾನದಲ್ಲಿ ಇರಲಿಲ್ಲ. ಪ್ರತಿ ವರ್ಷ ಆ ಬಂಡೆಗೆ ಹೋಗಿ ಜೇನು ಇಳಿಸುವ ಜನ, ಆ ಅಬ್ಬಿಯ ನೀರು ತಂದು ಪೂಜೆ ಮಾಡುವ ಜನ, ಆ ಕಲ್ಲುಗುಡಿಗೆ ಎಡೆ ಇಡುವ ಜನ, ನನ್ನ ಬರವಣಿಗೆಯಲ್ಲಿ ಇತಿಹಾಸದ ಪಾಠವಾಗಿದ್ದರು. 1974ರಿಂದ ಮೊದಲುಗೊಂಡು ಯಾವ ಯಾವ ಆಜ್ಞೆಯಿಂದಲೂ ಅವರನ್ನು ಆ ಎಲ್ಲೆಯಿಂದ ಪೂರ್ತಿ ಬಿಡಿಸಲಾಗಿರಲಿಲ್ಲ. ನಾನು ಒಂದು ಪ್ರತ್ಯಯದಿಂದ ಬಿಡಿಸಿದ್ದೆ. ‘ಇದು ಯಾರ ಕತ ಬುದ್ಧಿ’ ಎಂದು ಅಜ್ಜಿ ಕೇಳಿದ್ದು ಆಗ ಅರ್ಥವಾಯಿತು.

ಮರುಪರಿಶೀಲನೆಯೆಂದರೆ ಮತ್ತೆ ಸಭೆ. ಸಭೆಯೆಂದರೆ ಮತ್ತೆ ಅರ್ಧದಷ್ಟು ಜನ. ಅದು ಕಾಫಿ ಕೊಯ್ಲಿನ ಕಾಲ. ಪೋಡಿನ ಗಟ್ಟಿಯಾಳುಗಳೆಲ್ಲ, ಹೆಂಗಸರೂ ಸೇರಿ, ಎಸ್ಟೇಟುಗಳ ಕೂಲಿಗೆ ಹೋಗಿದ್ದರು, ಕೆಲವರು ಕೊಡಗಿನವರೆಗೂ. ಡಿಸೆಂಬರಿನಲ್ಲಿ ಎರಡು ಸಲ ಸಭೆ ಕರೆದರು, ಎರಡು ಸಲವೂ ಜನ ಸಾಲಲಿಲ್ಲ. ಜನವರಿಯ ಕೊನೆಗೆ ಕೋಲುಕಾರ ಎಸ್ಟೇಟಿನ ಲೈನುಮನೆಗಳಿಗೇ ಹೋಗಿ ಕರೆದು ತಂದ. ಬಂದವರು ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ದುಡ್ಡು ಕೊಟ್ಟು ಬಂದಿದ್ದರು. ನನ್ನ ಸೊಗಸಾದ ಕನ್ನಡದ ಬೆಲೆಯನ್ನು ಅವರು ಹೀಗೆ ತೆತ್ತರು. ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಈ ಸಲ ಬರೆಯಲು ಕುಳಿತದ್ದು ಆ ಪೋಡಿನದೇ ಒಬ್ಬ ಹುಡುಗಿ. ಪಿಯುಸಿ ಓದಿದವಳು, ಅರಣ್ಯ ಹಕ್ಕು ಸಮಿತಿಯ ಸದಸ್ಯೆ. ನನಗೆ ವೃತ್ತದ ಹೊರಗೆ, ಮರದ ಬೇರಿನ ಮೇಲೆ ಜಾಗ ಕೊಟ್ಟರು; ಟೀ ಕೊಟ್ಟರು. ಅಜ್ಜಿ ಮೊದಲಿನಂತೆಯೇ ಹೇಳಿದಳು. ಹುಡುಗಿ ಮೊದಲಿನಂತೆ ತಡೆದು ಕೇಳಲಿಲ್ಲ. ಕೇಳಿದ್ದು ಬೇರೆ ಪ್ರಶ್ನೆಗಳನ್ನು. “ಹೋದ ಬ್ಯಾಸಗೇಲಿ ಆ ಬಂಡೆಗೆ ಯಾರ್ಯಾರು ಹೋಗಿದ್ದೊ?” ಎಂದಳು. ನಾಲ್ಕು ಗಂಡಸರು ಕೈ ಎತ್ತಿದರು, ಹೆಸರುಗಳನ್ನು ಬರೆದುಕೊಂಡಳು. “ಕಲ್ಲುಗುಡಿಗೆ ಎಡ ಇಟ್ಟುದು ಯಾವಾಗ?” ಎಂದಳು. ಹೆಂಗಸರು ಹಬ್ಬದ ಹೆಸರು ಹೇಳಿದರು, ಅದನ್ನೂ ಬರೆದಳು. ‘ಅಬ್ಬಿ’ ಎಂದೇ ಬರೆದಳು. ‘ನಾವು ಅಲ್ಲೇ ಇರಾದು’ ಎಂಬುದನ್ನು ಹಾಗೆಯೇ ಬರೆದು, ಅದರ ಕೆಳಗೆ, ಈಗಲೂ ವರ್ಷವರ್ಷ ಹೋಗಿ ಬರುತ್ತೇವೆ, ದೇವರು ಮಾಡುತ್ತೇವೆ, ಜೇನು ನೆಲ್ಲಿಕಾಯಿ ತರುತ್ತೇವೆ ಎಂದು ಸೇರಿಸಿದಳು. ಓದಿ ಹೇಳಿದಾಗ ಜನ ನಡುನಡುವೆ ತಡೆದು, ಬಿಟ್ಟುಹೋದದ್ದನ್ನು ಸೇರಿಸಿದರು. ಒಂದು ಬಂಡೆಯ ಹೆಸರಿಗೆ ಸಣ್ಣ ಜಗಳವೇ ಆಯಿತು. ನಾನು ಓದಿದಾಗ ಇಂಥ ಜಗಳ ಆಗಿರಲಿಲ್ಲವೆಂಬುದು ನೆನಪಾಯಿತು.

ಆ ಹುಡುಗಿಯ ಹತ್ತಿರ ಇನ್ನೊಂದು ಪುಸ್ತಕವಿತ್ತು, ರೂಲು ಹಾಕಿದ ಉದ್ದನೆಯ ನೋಟ್‌ಬುಕ್. ಮನೆಗೊಂದು ಪುಟ. ಯಾರಿಗೆ ಯಾವ ಕಾಗದ ಇದೆ, ಯಾವುದು ಇಲ್ಲ, ಯಾವುದರಲ್ಲಿ ತಪ್ಪಿದೆ ಎಂದು ಸಭೆಯಲ್ಲೇ ಕೇಳಿ ಬರೆದದ್ದು. ಮುಂದಿನ ಶಿಬಿರಕ್ಕೆ ಯಜಮಾನ ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಮೊದಲನೆಯ ಮೇಜಿನ ಮೇಲೆ ಇಟ್ಟನಂತೆ. ಅಧಿಕಾರಿಯೊಬ್ಬರು ಪುಟ ತಿರುವಿ, ಒಂದು ಕುರ್ಚಿ ತರಿಸಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರಂತೆ. ಆ ದಿನ ಅಜ್ಜಿಯ ಮೂರು ವಯಸ್ಸುಗಳು ಒಂದಾಗುವ ದಾರಿ ಕಂಡವು. ವೇತನದ ಅರ್ಜಿ ಹೋಗಿದೆ. ಸರ್ಕಾರ ಆ ಹುಡುಗಿಗೆ ತಿಂಗಳಿಗೆ ಇಷ್ಟೆಂದು ಕೊಟ್ಟು, ಸಭೆಗೆ ಬಂದವರ ಒಂದು ದಿನದ ಕೂಲಿ ತುಂಬಿಕೊಟ್ಟು, ಪ್ರತಿ ಶಿಬಿರದಲ್ಲೂ ಅಂಥದೊಂದು ಕುರ್ಚಿ ಹಾಕಿಸಿದರೆ, 17 ಸಚಿವಾಲಯಗಳ ಕೆಲಸ ಎಷ್ಟೋ ಹಗುರವಾದೀತೆಂದು ನನಗೆ ತೋರುತ್ತದೆ. ಬಿನ್ನವತ್ತಳೆ ಬರೆಯುವ ಮೇಷ್ಟ್ರ ಸಲಹೆಯನ್ನು ಯಾರು ಕೇಳುತ್ತಾರೆ! ಆದರೂ ಬರೆದಿಟ್ಟಿದ್ದೇನೆ.

ಸಭೆ ಮುಗಿದು ಸಹಿ, ಹೆಬ್ಬೆಟ್ಟುಗಳಾದ ಮೇಲೆ ಆ ಹುಡುಗಿ ಹೇಳಿಕೆಯನ್ನು ನನ್ನ ಕೈಗೆ ಕೊಟ್ಟು, “ಒಂದ್ಸಲ ನೋಡಿ ಸಾರ್” ಎಂದಳು. ಓದಿದೆ. ಅಕ್ಷರ ದುಂಡಗಿತ್ತು. ಮೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು. ಎರಡನೆಯ ಪುಟದಲ್ಲಿ ಒಂದು ಮಹಾಪ್ರಾಣ. ಜೇಬಿನಲ್ಲಿದ್ದ ಕೆಂಪು ಪೆನ್ನಿನ ಕಡೆಗೆ ಕೈ ತಾನಾಗಿಯೇ ಹೋಯಿತು. ಪೆನ್ನಿನ ಮುಚ್ಚಳವನ್ನು ಮುಟ್ಟಿ ಹಿಂದಕ್ಕೆ ಬಂತು.

“ಸರಿಯಾಗಿದೆಯಮ್ಮ” ಎಂದು ಹೇಳಿ ಹಿಂದಿರುಗಿಸಿದೆ.

ಕಡತ ಈಗ ಮತ್ತೆ ಮೇಲಿನ ಸಮಿತಿಯಲ್ಲಿದೆ. ಈ ಬೇಸಿಗೆಯ ಜೇನಿಗೂ ಪತ್ರ ಬಂದಿಲ್ಲ. ಮೊನ್ನೆ ಸಂತೆಯ ದಿನ ಅಜ್ಜಿ ಯಳಂದೂರಿನ ಬಸ್‌ನಿಲ್ದಾಣದಲ್ಲಿ ಸಿಕ್ಕಿದಳು. ಗುರುತು ಹಿಡಿದು ತಾನಾಗಿಯೇ ಮಾತನಾಡಿಸಿದಳು.

“ಎಲ್ಲಿಗೆ ಹೊರಟಿದ್ದೀಯ ಅಜ್ಜಿ?” ಎಂದು ಕೇಳಿದೆ.

“ಮನಗ” ಎಂದು ಬೆಟ್ಟದ ಕಡೆ ಕೈ ತೋರಿಸಿದಳು. ಕೈ ತೋರಿಸಿದ್ದು ಕಾಲೋನಿಯ ಕಡೆಗೋ, ಅದರಾಚೆಯ ಎಲ್ಲೆಯ ಕಡೆಗೋ ನನಗೆ ತಿಳಿಯಲಿಲ್ಲ. ಕೇಳಿ ತಿದ್ದಲು ಹೋಗಲಿಲ್ಲ. ಬಸ್ಸಿನಲ್ಲಿ ಅವಳಿಗೊಂದು ಸೀಟು ಹಿಡಿದುಕೊಟ್ಟು ಕಾಲೇಜಿಗೆ ಬಂದೆ.